ಗಾಡಿಯಲ್ಲಿ ಬಾಟಲಿ: ಲಾರಿ ಚಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇಪ್ಪತ್ತು ವರ್ಷ ಬಿಲ್ಟಿ (ಸರಕಿನ ರಸೀದಿ) ಬರೆದವನು ನಾನು. ಬಾಡಿಗೆ ಲೆಕ್ಕ, ಡೀಸೆಲ್ ಲೆಕ್ಕ, ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದವರ ಫೋನು, ಎಲ್ಲ ನನ್ನ ಟೇಬಲ್ಲಿಗೇ ಬರುತ್ತಿತ್ತು. ಅದರಲ್ಲಿ ಒಂದು ಪ್ರಶ್ನೆ ಮಾತ್ರ ವಾರಕ್ಕೊಮ್ಮೆ ಗ್ಯಾರಂಟಿ: "ಡ್ಯೂಟಿ ಇಲ್ಲದಾಗ ಕುಡಿಯೋಕೆ ಅಂತ ಗಾಡಿಯಲ್ಲಿ ಒಂದು ಕ್ವಾರ್ಟರ್ ಇಟ್ಟುಕೊಂಡರೆ ಏನಾಗುತ್ತೆ?" ಅದಕ್ಕೆ ಹೇಳಿ ಹೇಳಿ ಸಾಕಾದ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕುಡಿಯೋದು ಪಾಪ ಅಂತ ಹೇಳುವ ಜಾತಿಯವನಲ್ಲ ನಾನು. ಹಾಗಾಗಿ ಹೆದರದೆ ಓದಿ.

ಸೀಲ್ ಒಡೆಯದ ಬಾಟಲಿ ಗಾಡಿಯಲ್ಲಿ ಇಟ್ಟುಕೊಳ್ಳೋದೇ ತಪ್ಪಾ?

ಕರ್ನಾಟಕದೊಳಗೆ, ಇಲ್ಲಿನ ಅಂಗಡಿಯಲ್ಲೇ ಬಿಲ್ ಹಾಕಿಸಿ ತಗೊಂಡ ಒಂದು ಬಾಟಲಿ ಕ್ಯಾಬಿನ್‌ನಲ್ಲಿ ಇದ್ದರೆ ಅದಷ್ಟಕ್ಕೇ ಅಪರಾಧವಲ್ಲ. ಮೋಟಾರು ವಾಹನ ಕಾಯ್ದೆ ಕೇಳೋದು ನಿಮ್ಮ ರಕ್ತದಲ್ಲಿ ಏನಿದೆ ಅಂತ, ನಿಮ್ಮ ಚೀಲದಲ್ಲಿ ಏನಿದೆ ಅಂತಲ್ಲ. ಚೀಲದ ಲೆಕ್ಕ ಕೇಳೋದು ಅಬಕಾರಿ ಇಲಾಖೆ. ಅವರ ನಿಯಮದಲ್ಲಿ ಒಬ್ಬರು ಇಷ್ಟೇ ಇಟ್ಟುಕೊಳ್ಳಬಹುದು ಅನ್ನುವ ಮಿತಿ ಇದೆ. ಒಂದೆರಡು ಕ್ವಾರ್ಟರ್ ಆ ಮಿತಿ ದಾಟಲ್ಲ. ಒಂದು ಪೂರ್ತಿ ಪೆಟ್ಟಿಗೆ ಇಟ್ಟುಕೊಂಡು "ಎಲ್ಲಾ ನಂಗೇ ಸಾರ್" ಅಂದರೆ ಯಾರೂ ನಂಬಲ್ಲ.

ಇಷ್ಟು ಕೇಳಿ ಎಷ್ಟೋ ಜನ "ಹಂಗಾದ್ರ ಓಕೆ ಬಿಡ್ರಿ" ಅಂತ ಎದ್ದು ಹೋಗುತ್ತಿದ್ದರು. ಮುಂದಿನದನ್ನೂ ಕೇಳಿಕೊಂಡು ಹೋಗಿದ್ದರೆ ಚೆನ್ನಾಗಿತ್ತು.

ತಪ್ಪಲ್ಲ ಅಂದ ಮೇಲೆ ನೀವ್ಯಾಕೆ ಬೇಡ ಅಂತೀರಿ?

ಲಾರಿ ಚಾಲಕನಿಗೆ ಡ್ಯೂಟಿ ಮುಗಿಯೋದು ಅಂತ ಒಂದು ಹೊತ್ತು ಇಲ್ಲ, ಅದಕ್ಕೆ.

ಕಾಗದದ ಮೇಲೆ ಇದೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂದಿತ್ತು. ಅದರ ಪ್ರಕಾರ ನಡೆಯುವ ಒಂದು ಲಾರಿಯನ್ನೂ ನಾನು ನೋಡಿಲ್ಲ. ಆಫೀಸಿನವನು ಕುರ್ಚಿ ಬಿಟ್ಟು ಎದ್ದರೆ ಕೆಲಸ ಮುಗೀತು. ನೀವು ಮಲಗೋದು ಸ್ಟೇರಿಂಗಿನ ಹಿಂದಿನ ಬರ್ತ್‌ನಲ್ಲೇ. ಮನೆಯೂ ಅದೇ, ಆಫೀಸೂ ಅದೇ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಮ್ಮ ಆಫೀಸಿನಿಂದ ಲೋಡ್ ತಗೊಂಡ ಒಂದು ಗಾಡಿ ಸಿಮೆಂಟ್ ಫ್ಯಾಕ್ಟರಿ ಗೇಟಿನ ಹೊರಗೆ ಪಾಳಿಯಲ್ಲಿ ನಿಂತಿತ್ತು. ಮುಂದೆ ನಲವತ್ತು ಗಾಡಿ. "ನಾಳೆ ಮಧ್ಯಾಹ್ನದವರೆಗೆ ನಿಮ್ಮ ನಂಬರ್ ಬರಲ್ಲ" ಅಂತ ಗೇಟಿನವನೇ ಹೇಳಿದ್ದ. ಚಾಲಕ ನಂಬಿದ. ಊಟ ಮಾಡಿ, ಸೀಟಿನ ಕೆಳಗಿದ್ದ ಕ್ವಾರ್ಟರ್ ತೆಗೆದ. ಹನ್ನೊಂದಕ್ಕೆ ಮಲಗಿದ. ಎರಡೂವರೆಗೆ ಯಾರೋ ಬಾಗಿಲು ಬಡಿದರು. "ಯಣ್ಣಾ, ಮುಂದಿನ ಗಾಡಿ ಹೋದ್ವು, ಗಾಡಿ ಮುಂದ ತಗೋರಿ, ಹಿಂದಿನವ್ರು ಬೈಯಾಕತ್ಯಾರ." ಇನ್ನೂರು ಅಡಿ ಅಷ್ಟೇ. ಹಿಂದೆ ಹಾರ್ನ್ ಮೇಲೆ ಹಾರ್ನ್. ಕುಡಿದಿದ್ದೀನಿ, ತಗೊಳಲ್ಲ ಅಂತ ಆ ಹೊತ್ತಿನಲ್ಲಿ ಹೇಳುವ ಗಂಡಸು ಯಾರಿದ್ದಾನೆ? ತಗೊಂಡ. ಮುಂದೆ ನಿಂತಿದ್ದ ಟ್ರೇಲರಿನ ಹಿಂಭಾಗಕ್ಕೆ ರೇಡಿಯೇಟರ್ ಕೊಟ್ಟ. ಯಾರ ಜೀವಕ್ಕೂ ಏನಾಗಲಿಲ್ಲ. ನಡುವೆ ನಿಂತು ಕೈ ತೋರಿಸುತ್ತಿದ್ದ ಹುಡುಗ ಒಂದು ಹೆಜ್ಜೆ ಪಕ್ಕಕ್ಕಿದ್ದ, ಅದಕ್ಕೆ.

ಆ ಚಾಲಕ ಕುಡಿದು ಗಾಡಿ ಓಡಿಸುವವನಲ್ಲ. ಓಡಿಸಲ್ಲ ಅಂತಲೇ ಮಲಗಿದ್ದವನು. ಕುಡಿದದ್ದು ಊರಿನ ಬಾರಿನಲ್ಲಿ, ಗಾಡಿ ಇನ್ನೆಲ್ಲೋ ಇದ್ದಿದ್ದರೆ ಎರಡೂವರೆಗೆ ಯಾರೂ ಅವನ ಬಾಗಿಲು ಬಡಿಯುತ್ತಿರಲಿಲ್ಲ. ನಾನು ಹೇಳೋದು ಇಷ್ಟೇ: ಕುಡಿಯೋದು ನಿಮ್ಮ ಇಷ್ಟ, ಆದರೆ ಬಾಟಲಿ ಗಾಡಿ ಹತ್ತಬಾರದು. ಅಪ್ಪಿತಪ್ಪಿ ಬಂದ ಕರೆಗೆ "ಈಗ ಆಗಲ್ಲ" ಅನ್ನೋಕೆ ನಿಮಗೆ ದಾರಿಯೇ ಇರಲ್ಲ.

ರಾತ್ರಿ ಕುಡಿದು ಮಲಗಿ ಬೆಳಿಗ್ಗೆ ಗಾಡಿ ಬಿಟ್ಟರೆ ಸರಿ ಅಲ್ವಾ? ನಿದ್ದೆ ಆಗಿರುತ್ತಲ್ಲ?

ನಿದ್ದೆ ಮಾಡಿದರೆ ಇಳಿಯೋದು ದಣಿವು, ಎಣ್ಣೆ ಅಲ್ಲ. ಅದು ಗಂಟೆ ಲೆಕ್ಕದಲ್ಲೇ ಇಳಿಯೋದು.

ಲೆಕ್ಕ ಹಾಕೋಣ. ಕ್ವಾರ್ಟರ್ ಅಂದರೆ 180 ಎಂಎಲ್. ನಮ್ಮ ವಿಸ್ಕಿ, ಬ್ರಾಂದಿ, ರಮ್ ಲೇಬಲ್ ಮೇಲೆ 42.8 ಪರ್ಸೆಂಟ್ ಅಂತ ಇರುತ್ತೆ ನೋಡಿ. ಅಂದರೆ ಒಂದು ಕ್ವಾರ್ಟರಿನಲ್ಲಿ 77 ಎಂಎಲ್ ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 60 ಗ್ರಾಂ. 70 ಕೆಜಿ ತೂಕದ ಗಂಡಸು ಇದನ್ನು ಬೇಗ ಮುಗಿಸಿದರೆ ಅವನ ರಕ್ತದಲ್ಲಿ 100 ಎಂಎಲ್‌ಗೆ 127 ಮಿಲಿಗ್ರಾಂ ಆಸುಪಾಸು ಏರಬಹುದು. ಕಾನೂನಿನ ಮಿತಿ 30. ದೇಹ ಗಂಟೆಗೆ ಹೆಚ್ಚುಕಮ್ಮಿ 15 ಮಿಲಿಗ್ರಾಂ ಇಳಿಸುತ್ತೆ. ಹತ್ತು ಗಂಟೆಗೆ ಕೊನೆಯ ಗುಟುಕು ಹಾಕಿದರೆ 30ಕ್ಕೆ ಇಳಿಯೋದು ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ. ಪೂರ್ತಿ ಇಳಿಯೋಕೆ ಆರೂವರೆ.

ಎರಡು ಕ್ವಾರ್ಟರ್ ಆದರೆ? ಮಾರನೇ ದಿನ ಮಧ್ಯಾಹ್ನ ಒಂದು ಗಂಟೆಯವರೆಗೂ ಮಿತಿಯ ಮೇಲೇ ಇರ್ತೀರಿ. ನೀವು ಎದ್ದು ಮುಖ ತೊಳೆದು ಎರಡು ಇಡ್ಲಿ ತಿಂದು ಗಾಡಿ ಬಿಟ್ಟಿರ್ತೀರಿ. ತಲೆ ಸರಿಯಾಗೇ ಇದೆ ಅನ್ನಿಸ್ತಿರುತ್ತೆ. ಪೊಲೀಸರು ಊದಿಸುವ ಮಷಿನ್ ಹಾಗನ್ನಲ್ಲ.

ಇದು ಅಂದಾಜು. ತೂಕ ಕಮ್ಮಿ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಜಾಸ್ತಿ ಹೊತ್ತು. ಮಜ್ಜಿಗೆ, ನಿಂಬೆಹಣ್ಣು, ಬ್ಲ್ಯಾಕ್ ಕಾಫಿ, ತಣ್ಣೀರು ಸ್ನಾನ ಯಾವುದೂ ಆ 15ನ್ನು 16 ಮಾಡಲ್ಲ. ಈರುಳ್ಳಿ ಅಗಿಯೋರೂ ಇದ್ದಾರೆ. ಈರುಳ್ಳಿ ವಾಸನೆ ಬರುತ್ತೆ ಅಷ್ಟೇ.

ನಾನು ಬಿಯರ್ ಮಾತ್ರ. ಅದೇನೂ ಲೆಕ್ಕಕ್ಕಿಲ್ಲ ಬಿಡಿ.

ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 8 ಪರ್ಸೆಂಟ್ ಇದ್ದರೆ 41 ಗ್ರಾಂ ಆಲ್ಕೋಹಾಲ್. ಎರಡು ಬಾಟಲಿ ಕುಡಿದರೆ ಒಂದು ಕ್ವಾರ್ಟರಿಗಿಂತ ಜಾಸ್ತಿ. ಲೆಕ್ಕಕ್ಕಿದೆ.

ಊದಿದಾಗ ಸಿಕ್ಕಿಬಿದ್ದರೆ ಏನು ಶಿಕ್ಷೆ?

ಮೋಟಾರು ವಾಹನ ಕಾಯ್ದೆಯ ಕಲಂ 185. ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 15,000 ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿ ಆದ ಮೇಲೆ ಇದು. ಅದಕ್ಕೂ ಮುಂಚೆ ಮೊದಲ ಸಲಕ್ಕೆ 2,000 ಇತ್ತು. ಹಳೇ ಕಾಲದವರು ಅದೇ ಲೆಕ್ಕದಲ್ಲಿ ಜೇಬಿನಲ್ಲಿ ದುಡ್ಡು ಇಟ್ಟುಕೊಂಡಿರುತ್ತಾರೆ. ಇದು ರಸ್ತೆಯಲ್ಲೇ ಕಟ್ಟಿ ಮುಗಿಸುವ ಕೇಸಲ್ಲ. ಕೋರ್ಟಿಗೆ ಹೋಗಬೇಕು. ಅಷ್ಟರಲ್ಲಿ ಗಾಡಿ ಸ್ಟೇಷನ್ ಮುಂದೆ, ಲೋಡ್ ಗಾಡಿಯ ಮೇಲೆ. ಟೊಮ್ಯಾಟೊ ಲೋಡ್ ಆಗಿದ್ದರೆ ಮುಗೀತು ಕಥೆ. ಡಿಎಲ್ ಅಮಾನತು ಮಾಡಿ ಅಂತ ಆರ್‌ಟಿಓಗೆ ಬರೆಯುತ್ತಾರೆ. ಗಾಡಿ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದವನಿಗೆ ದಂಡಕ್ಕಿಂತ ಇದೇ ದೊಡ್ಡದು.

ಊದಲ್ಲ ಅಂತ ಹಟ ಹಿಡಿದರೆ ಬಿಟ್ಟುಬಿಡ್ತಾರೆ ಅನ್ನುವ ಭ್ರಮೆ ಬೇಡ. ವಾರಂಟ್ ಇಲ್ಲದೆ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಅಧಿಕಾರ ಪೊಲೀಸರಿಗಿದೆ.

ನಿಲ್ಲಿಸಿದ ಗಾಡಿಯೊಳಗೆ ಕುಡಿದರೆ? ಗಾಡಿ ನಡೀತಾನೇ ಇಲ್ವಲ್ಲ.

ಎರಡು ಕಡೆಯಿಂದ ತೊಂದರೆ ಬರಬಹುದು.

ಒಂದು, ಕಲಂ 185 ಹೇಳೋದು "ಚಲಾಯಿಸಿದರೆ ಅಥವಾ ಚಲಾಯಿಸಲು ಯತ್ನಿಸಿದರೆ" ಅಂತ. ಚಾಲಕನ ಸೀಟಿನಲ್ಲಿ ಕೂತು, ಎಸಿಗೆ ಅಂತ ಎಂಜಿನ್ ಆನ್ ಮಾಡಿ, ಸ್ಟೇರಿಂಗ್ ಮೇಲೆ ತಲೆ ಇಟ್ಟು ಮಲಗಿದ್ದರೆ ನೋಡಿದವರು ಏನಂದುಕೊಳ್ಳಬೇಕು? 2025ರಿಂದೀಚೆಗೆ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ. ಒಳ್ಳೇದೇ. ಆದರೆ ರಾತ್ರಿ ಎಂಜಿನ್ ಆನ್ ಇಟ್ಟು ಮಲಗುವವರ ಸಂಖ್ಯೆಯೂ ಜಾಸ್ತಿ ಆಗುತ್ತೆ. ಜೊತೆಗೆ ಬಾಟಲಿ ಇದ್ದರೆ ಎಡವಟ್ಟೇ.

ಎರಡನೇದು, ಸಾರ್ವಜನಿಕ ಜಾಗದಲ್ಲಿ ಕುಡಿಯೋದು. ಕರ್ನಾಟಕ ಅಬಕಾರಿ ಕಾಯ್ದೆಯ ಕಲಂ 15ಎ ಅದಕ್ಕೇ ಇದೆ. ರಸ್ತೆ ಬದಿ, ಢಾಬಾದ ಅಂಗಳ, ಎಪಿಎಂಸಿ ಯಾರ್ಡು ಎಲ್ಲದರಲ್ಲೂ ಈ ಕೇಸ್ ಬೀಳುತ್ತೆ. ಲೈಸೆನ್ಸ್ ಇಲ್ಲದೆ ಕುಡಿಯೋಕೆ ಜಾಗ ಕೊಟ್ಟ ಢಾಬಾದವನ ಮೇಲೂ ಬೀಳುತ್ತೆ.

"ಕ್ಯಾಬಿನ್ ನನ್ನ ಸ್ವಂತ ಜಾಗ" ಅನ್ನುವ ವಾದ ಇದೆಯಲ್ಲ, ಬಿಹಾರದ ಒಂದು ಕೇಸಿನಲ್ಲಿ ಅದು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಜಾರ್ಖಂಡ್‌ನಿಂದ ಪಾಟ್ನಾಕ್ಕೆ ಕಾರಿನಲ್ಲಿ ಹೊರಟವರನ್ನು ಗಡಿಯಲ್ಲಿ ಊದಿಸಿದರು. ಕಾರಿನಲ್ಲಿ ಬಾಟಲಿ ಇರಲಿಲ್ಲ, ಹೊಟ್ಟೆಯಲ್ಲಿತ್ತು. ಖಾಸಗಿ ಕಾರು ಸಾರ್ವಜನಿಕ ಜಾಗ ಹೇಗಾಗುತ್ತೆ ಅಂತ ವಾದಿಸಿದರು. 2019ರ ಜುಲೈನಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿರುವ ಖಾಸಗಿ ವಾಹನವೂ ಆ ಕಾಯ್ದೆಯ ಮಟ್ಟಿಗೆ ಸಾರ್ವಜನಿಕ ಜಾಗವೇ ಅಂತ ಹೇಳಿತು. ಅದು ಬಿಹಾರದ ಕಾಯ್ದೆಗೆ ಹೇಳಿದ್ದು, ನಿಜ. ಆದರೂ ಹೈವೇ ಬದಿ ನಿಂತು ನಿಮ್ಮ ಕ್ಯಾಬಿನ್ನನ್ನು ಮನೆ ಅಂತ ವಾದಿಸುವ ಮುಂಚೆ ಇದು ನೆನಪಿರಲಿ.

ನಾನು ಕುಡಿದಿದ್ದರೆ ಕ್ಲೀನರ್ ಗಾಡಿ ಮುಂದೆ ತಗೊಳ್ತಾನೆ. ಅವನಿಗೆ ಬರುತ್ತೆ.

ಬರುತ್ತೆ, ಲೈಸೆನ್ಸ್ ಇದೆಯಾ? ಹೆವಿ ಲೈಸೆನ್ಸ್? ಇಲ್ಲ ಅಂದರೆ ಅವನಿಗೆ 5,000 ದಂಡ. ಕೀ ಕೊಟ್ಟವರನ್ನೂ ಕಾಯ್ದೆ ಬಿಡಲ್ಲ. ನಾನು ನೋಡಿದ ಯಾರ್ಡ್ ಅಪಘಾತಗಳಲ್ಲಿ ಸ್ಟೇರಿಂಗ್ ಹಿಂದೆ ಇದ್ದದ್ದು ಹದಿನೇಳು ಹದಿನೆಂಟರ ಹುಡುಗರೇ ಜಾಸ್ತಿ. ಅಣ್ಣ ಮಲಗಿದ್ದ, ಎಬ್ಬಿಸೋಕೆ ಹೆದರಿಕೆ, ಸುಮ್ನೆ ತಗೊಂಡೆ ಅಂತಾರೆ. ಅಣ್ಣ ಯಾಕೆ ಅಷ್ಟು ಗಾಢವಾಗಿ ಮಲಗಿದ್ದ ಅಂತ ಯಾರೂ ಕೇಳಲ್ಲ.

ಗೋವಾದಿಂದ ಬರುವಾಗ ಒಂದೆರಡು ತಂದರೆ? ಅರ್ಧ ರೇಟಿಗೆ ಸಿಗುತ್ತೆ.

ನಮ್ಮ ಭಾಗದ ಚಾಲಕರಿಗೆ ಇದೇ ದೊಡ್ಡ ಆಸೆ. ಬಾಟಲಿ ಕೈಗೆ ತಗೊಂಡು ಲೇಬಲ್ ಓದಿ. ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಆ ಒಂದು ಸಾಲು ಸಾಕು. ಕರ್ನಾಟಕದ ಸುಂಕ ಕಟ್ಟದ ಮದ್ಯ ಅದು. ಪರ್ಮಿಟ್ ಇಲ್ಲದೆ ತಂದರೆ ಅಬಕಾರಿ ಕೇಸು.

ಕಾರವಾರದ ಕಡೆ ಮಾಜಾಳಿ, ಘಟ್ಟದ ಮೇಲೆ ಅನಮೋಡ. ಎರಡೂ ಕಡೆ ಚೆಕ್‌ಪೋಸ್ಟ್ ಇದೆ, ಎರಡೂ ಕಡೆಯವರಿಗೆ ಲಾರಿಯ ಸಂದುಗೊಂದು ನಿಮಗಿಂತ ಚೆನ್ನಾಗಿ ಗೊತ್ತು. ಟೂಲ್ ಬಾಕ್ಸ್, ಬ್ಯಾಟರಿ ಬಾಕ್ಸ್, ಸ್ಟೆಪ್ನಿಯ ಒಳಗೆ, ದೇವರ ಫೋಟೋ ಹಿಂದಿನ ಗೂಡು, ಸುತ್ತಿಟ್ಟ ತಾಡಪಾಲಿನ ನಡುವೆ. ಇಲ್ಲೆಲ್ಲ ಇಟ್ಟು ಜಾಣ ಅಂದುಕೊಂಡವರು ನೂರಾರು ಜನ ನಿಮಗಿಂತ ಮುಂಚೆ ಬಂದು ಹೋಗಿದ್ದಾರೆ. ಬಚ್ಚಿಟ್ಟದ್ದು ಸಿಕ್ಕರೆ ಇನ್ನೊಂದು ತಾಪತ್ರಯ. ಎದುರಿಗೇ ಇಟ್ಟಿದ್ದರೆ "ಗೊತ್ತಿರಲಿಲ್ಲ ಸಾರ್" ಅನ್ನಬಹುದಿತ್ತು, ಬ್ಯಾಟರಿ ಬಾಕ್ಸಿನಿಂದ ತೆಗೆದ ಮೇಲೆ ಆ ಮಾತಿಗೂ ಬಾಯಿಲ್ಲ.

ಅಬಕಾರಿ ಕೇಸಿನಲ್ಲಿ ಬಾಟಲಿ ಸಾಗಿಸಿದ ವಾಹನವನ್ನೂ ಜಪ್ತಿ ಮಾಡಬಹುದು. ನಮ್ಮ ಪರಿಚಯದ ಒಬ್ಬ ಮಾಲೀಕನ ಹತ್ತು ಗಾಲಿಯ ಗಾಡಿ ಆರು ಬಾಟಲಿಗೆ ನಿಂತಿತ್ತು. ಬಿಡಿಸಿಕೊಳ್ಳುವ ಹೊತ್ತಿಗೆ ಎರಡು ತಿಂಗಳ ಕಂತು ತಪ್ಪಿತ್ತು. ಉಳಿಸೋಕೆ ಹೋದದ್ದು ಎಷ್ಟು ಅಂತ ಚಾಲಕನನ್ನು ಕೇಳಿದೆ. ಲೆಕ್ಕ ಹಾಕಿ ಹೇಳಿದ: "ಸಾವಿರದ ಇನ್ನೂರು ರೀ."

ಪುದುಚೇರಿ, ಮಾಹೆ ಕಡೆಯಿಂದ ಬರುವವರಿಗೂ ಇದೇ ಉತ್ತರ.

ಗುಜರಾತಿಗೆ ಲೋಡ್ ಇದೆ. ಅಲ್ಲಿ ಸಿಗಲ್ಲ, ಅದಕ್ಕೇ ಇಲ್ಲಿಂದ ಒಯ್ಯಬೇಕು ಅಂತಿದ್ದೀನಿ.

ಸಿಗಲ್ಲ ಅನ್ನೋದೇ ಒಯ್ಯಬಾರದು ಅನ್ನೋಕೆ ಕಾರಣ! ಗುಜರಾತ್ ರಾಜ್ಯ 1960ರಲ್ಲಿ ಆದಾಗಿನಿಂದ ಪಾನನಿಷೇಧ ಇದೆ. ಇಲ್ಲಿಂದ ಅಡಿಕೆ ತಗೊಂಡು ಹೋಗೋರು, ಮೋರ್ಬಿಯಿಂದ ಟೈಲ್ಸ್ ತರೋರು ಎಲ್ಲರೂ ಇದನ್ನು ಕಂಡವರೇ. 2017ರಲ್ಲಿ ಕಾಯ್ದೆ ಇನ್ನೂ ಬಿಗಿ ಮಾಡಿದರು. ಸಾಗಣೆ ಅಂತ ಕೇಸ್ ಹಾಕಿದರೆ 10 ವರ್ಷದವರೆಗೆ ಜೈಲು. ಪಕ್ಕದ ದಮನ್‌ನಲ್ಲಿ ಧಾರಾಳ ಸಿಗುತ್ತೆ, ಅಲ್ಲಿ ಕೊಂಡು ವಾಪಿ ಕಡೆ ದಾಟುವವರಿಗಾಗಿಯೇ ಪೊಲೀಸರು ಕಾಯ್ತಿರ್ತಾರೆ.

ಬಿಹಾರದಲ್ಲಿ 2016ರ ಏಪ್ರಿಲ್‌ನಿಂದ ನಿಷೇಧ. ಅಲ್ಲಿ ವಾಹನ ಜಪ್ತಿ ಮಾಮೂಲು. ಈಶಾನ್ಯದ ಕಡೆ ಹೋಗುವವರು ನಾಗಾಲ್ಯಾಂಡ್, ಮಿಜೋರಾಂ ನೆನಪಿಡಿ.

ಯಾರಿಗೂ ಗೊತ್ತಿಲ್ಲದ್ದು ಒಂದು ಹೇಳ್ತೀನಿ. ಬೆಂಗಳೂರಿನಿಂದ ಹೈದರಾಬಾದ್, ನಾಗಪುರ ದಾರಿಯಲ್ಲಿ ದಿಲ್ಲಿಗೆ ಹೋಗುವ ಗಾಡಿ ಹಿಂಗಣಘಾಟ್ ಮೇಲೆ ಹಾದು ಹೋಗುತ್ತೆ. ಅದು ವಾರ್ಧಾ ಜಿಲ್ಲೆ. ಗಾಂಧೀಜಿ ಆಶ್ರಮ ಇರುವ ಜಿಲ್ಲೆ, ಇಡೀ ಜಿಲ್ಲೆಯಲ್ಲಿ ಮದ್ಯ ನಿಷೇಧ. ಮಹಾರಾಷ್ಟ್ರದ ಉಳಿದ ಕಡೆ ತೆರೆದ ಬಾರು ನೋಡಿಕೊಂಡು ಬಂದವನಿಗೆ ಇಲ್ಲಿ ಗಡಿ ದಾಟಿದ್ದೇ ಗೊತ್ತಾಗಲ್ಲ. ಬಳ್ಳಾರಿಯಲ್ಲಿ ಬಿಲ್ ಹಾಕಿಸಿ ತಗೊಂಡ ಬಾಟಲಿ ದಾರಿಯಲ್ಲಿ ಎಷ್ಟು ಕಾನೂನು ದಾಟುತ್ತೆ ಅಂತ ಎಣಿಸುತ್ತ ಕೂರೋಕೆ ನಿಮಗೆ ಪುರುಸೊತ್ತಿಲ್ಲ. ಬಾಟಲಿಯೇ ಇಲ್ಲದಿದ್ದರೆ ಎಣಿಸಬೇಕಾಗಿಲ್ಲ.

ಹೈವೇ ಮೇಲೆ ಬಾರೇ ಇಲ್ಲ. ಅದಕ್ಕೇ ಅಲ್ವಾ ನಾವು ಊರಲ್ಲಿ ತಗೊಂಡು ಇಟ್ಕೊಳ್ಳೋದು?

ಈ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಬಾರದು ಅಂತ ಹೇಳಿತು. 2017ರಲ್ಲಿ ಅದನ್ನು ಸಡಿಲ ಮಾಡಿ, 20,000ಕ್ಕಿಂತ ಕಮ್ಮಿ ಜನ ಇರುವ ಊರುಗಳಿಗೆ 220 ಮೀಟರ್ ಅಂತ ಮಾಡಿದರು. ಆಮೇಲೆ ನಗರಸಭೆ ಮಿತಿಯೊಳಗಿನ ಅಂಗಡಿಗಳಿಗೆ ಇದು ಅಡ್ಡಿಯಿಲ್ಲ ಅಂತಲೂ ಹೇಳಿದರು. ಉದ್ದೇಶ ಒಳ್ಳೇದೇ. ಆದರೆ ಅಂಗಡಿ ದೂರ ಹೋದ ಮೇಲೆ ಸ್ಟಾಕ್ ಕ್ಯಾಬಿನ್ನಿಗೆ ಬಂತು, ಇದು ನಾನು ಕಣ್ಣಾರೆ ಕಂಡದ್ದು. ಮುಂಚೆ ಢಾಬಾ ಪಕ್ಕದ ಅಂಗಡಿಗೆ ಹೋಗಿ ಒಂದು ನೈಂಟಿ ಹಾಕಿ ಬರುತ್ತಿದ್ದವರು ಈಗ ನಾಲ್ಕು ಟೆಟ್ರಾ ಪ್ಯಾಕ್ ತಗೊಂಡು ಇಟ್ಟುಕೊಳ್ಳುತ್ತಾರೆ. ಟೆಟ್ರಾ ಪ್ಯಾಕ್ ಅಂಗಿ ಜೇಬಿನಲ್ಲೂ ಹಿಡಿಯುತ್ತೆ, ಒಡೆಯಲ್ಲ, ಸದ್ದು ಮಾಡಲ್ಲ. ನಾಲ್ಕು ಇದ್ದರೆ ನಾಲ್ಕೂ ಖಾಲಿ ಆಗುತ್ತೆ, ಅದೂ ಕಂಡಿದ್ದೇನೆ.

ಕುಡಿಯಲೇಬೇಕು ಅಂದರೆ ಹೀಗೆ ಮಾಡಿ. ಲೋಡ್ ಇಳಿಸಿ, ಗಾಡಿ ಟ್ರಕ್ ಟರ್ಮಿನಲ್ಲಿಗೋ ಮಾಲೀಕನ ಶೆಡ್ಡಿಗೋ ಹಾಕಿ, ಕೀ ಆಫೀಸಿನಲ್ಲಿ ಕೊಟ್ಟು ಹೋಗಿ. ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಥರದ ಜಾಗ ರಾಜ್ಯದಲ್ಲಿ ಇನ್ನೂ ಹತ್ತಿಪ್ಪತ್ತು ಬೇಕು, ಅದು ಬೇರೆ ಮಾತು. ಕೀ ಕೈಯಲ್ಲಿ ಇಲ್ಲದಿದ್ದರೆ ರಾತ್ರಿ ಎರಡೂವರೆಗೆ ಯಾರು ಕರೆದರೂ ನೀವು ಹೋಗೋಕಾಗಲ್ಲ. ಅಷ್ಟು ಬಿಡುವು ಸಿಗದ ಟ್ರಿಪ್ಪಿನಲ್ಲಿ ಕುಡಿಯೋಕೂ ಬಿಡುವಿಲ್ಲ ಅಂತಲೇ ಲೆಕ್ಕ.

ಕುಡಿಯದಿದ್ದರೆ ಗಾಡಿಯಲ್ಲಿ ನಿದ್ದೆ ಬರಲ್ಲ. ಸೆಕೆ, ಸೊಳ್ಳೆ, ಮೈಕೈ ನೋವು.

ಇದನ್ನು ಹೇಳಿದವರ ಮೇಲೆ ನನಗೆ ಸಿಟ್ಟು ಬರಲ್ಲ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ತಗಡಿನ ಕ್ಯಾಬಿನ್ನೊಳಗೆ ಮಲಗಿ ನೋಡಿದರೆ ಗೊತ್ತಾಗುತ್ತೆ. ಆದರೆ ಎಣ್ಣೆ ಕೊಡೋದು ಅರ್ಧ ನಿದ್ದೆ. ಬೇಗ ಹತ್ತುತ್ತೆ, ನಿಜ. ಮಧ್ಯರಾತ್ರಿ ಮೇಲೆ ಒಡೆದು ಹೋಗುತ್ತೆ. ಗೊರಕೆ ಜಾಸ್ತಿ, ಬಾಯಿ ಒಣಗುತ್ತೆ, ಮೂತ್ರಕ್ಕೆ ಎದ್ದೇಳಬೇಕು. ಬೆಳಿಗ್ಗೆ ಎಂಟು ಗಂಟೆ ಮಲಗಿದ್ದರೂ ನಾಲ್ಕು ಗಂಟೆ ಮಲಗಿದ ಹಾಗೆ. ಮಧ್ಯಾಹ್ನ ಊಟ ಆದ ಮೇಲೆ ಸಿರಾ ಹಿರಿಯೂರು ನಡುವಿನ ನೇರ ರಸ್ತೆಯಲ್ಲಿ ಕಣ್ಣು ಎಳೆಯೋದು ಅದೇ.

ಸೊಳ್ಳೆಗೆ ಪರದೆ, ಸೆಕೆಗೆ ಬ್ಯಾಟರಿ ಫ್ಯಾನು. ಪರದೆಯ ದುಡ್ಡು ಎರಡು ಮೂರು ಕ್ವಾರ್ಟರಿಗೆ ಸಮ. ದಿನಾ ಕುಡಿಯುತ್ತಿದ್ದು, ಒಂದು ದಿನ ಬಿಟ್ಟರೆ ಕೈ ನಡುಗುತ್ತೆ, ಬೆವರುತ್ತೆ ಅಂದರೆ ಮಾತ್ರ ಅದು ಸೆಕೆಯೂ ಅಲ್ಲ ಸೊಳ್ಳೆಯೂ ಅಲ್ಲ. ಏಕಾಏಕಿ ಬಿಡಬೇಡಿ, ಫಿಟ್ಸ್ ಬರಬಹುದು. ಡಾಕ್ಟರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಧಾರವಾಡದ ಡಿಮ್ಹಾನ್ಸ್‌ನಲ್ಲೂ ಇದನ್ನೇ ನೋಡುವ ವೈದ್ಯರಿದ್ದಾರೆ. ಎರಡೂ ಸರ್ಕಾರಿ ಆಸ್ಪತ್ರೆ.

ಅಪಘಾತ ಆದರೆ ಇನ್ಶೂರೆನ್ಸ್ ಬರುತ್ತಲ್ಲ?

ಇಲ್ಲೇ ಬಾಟಲಿ ಬಾಯಿ ಬಿಡೋದು.

ನಿಮ್ಮ ಗಾಡಿಯ ಡ್ಯಾಮೇಜಿಗೆ ಕೊಡುವ ಪಾಲಿಸಿಯಲ್ಲಿ, ಚಾಲಕ ಕುಡಿದಿದ್ದರೆ ಕೊಡಲ್ಲ ಅನ್ನುವ ಷರತ್ತು ಇರುತ್ತೆ. "ಊದಿಸಿಲ್ಲ, ರಕ್ತ ತೆಗೆದಿಲ್ಲ, ಹೇಗೆ ಸಾಬೀತು ಮಾಡ್ತಾರೆ" ಅಂತ ಕೇಳುವವರಿದ್ದಾರೆ. 2021ರಲ್ಲಿ ಸುಪ್ರೀಂ ಕೋರ್ಟಿಗೆ ಇಂಥದ್ದೇ ಕೇಸ್ ಬಂತು. ದಿಲ್ಲಿಯಲ್ಲಿ ಅಪಘಾತವಾದ ಒಂದು ದುಬಾರಿ ಕಾರಿನದು. ಉಸಿರಿನ ಪರೀಕ್ಷೆ, ರಕ್ತದ ಪರೀಕ್ಷೆ ಇಲ್ಲದಿದ್ದರೂ ಬೇರೆ ಸಂದರ್ಭಗಳಿಂದ ಕುಡಿದಿದ್ದ ಅಂತ ವಿಮಾ ಕಂಪನಿ ತೋರಿಸಬಹುದು ಅಂತ ಕೋರ್ಟು ಹೇಳಿತು. ಕ್ಲೇಮ್ ಹೋಯಿತು.

ಈಗ ನಿಮ್ಮ ಗಾಡಿ ಶಿರಾಡಿ ಘಾಟಿನಲ್ಲಿ ಮಗುಚಿದೆ ಅಂತ ಇಟ್ಟುಕೊಳ್ಳಿ. ನೀವು ಕುಡಿದಿಲ್ಲ. ಬ್ರೇಕ್ ಫೇಲ್. ಆದರೆ ಸೀಟಿನ ಕೆಳಗಿದ್ದ ಕ್ವಾರ್ಟರ್ ಒಡೆದು ಇಡೀ ಕ್ಯಾಬಿನ್ ವಾಸನೆ. ಮೊದಲು ಬಂದ ಜನ ಮೊಬೈಲಿನಲ್ಲಿ ವಿಡಿಯೋ ಮಾಡ್ತಾರೆ, "ಕುಡಿದಾನ ನೋಡ್ರಿ ಮಗ" ಅಂತ ಹಿಂದಿನಿಂದ ದನಿ. ಸರ್ವೇಯರ್ ಫೋಟೋ ತೆಗೀತಾನೆ. ಬಾಟಲಿ ಸಿಕ್ಕ ಮಾತ್ರಕ್ಕೆ ಕುಡಿದಿದ್ದ ಅಂತ ಆಗಲ್ಲ. ಆದರೆ ಕುಡಿದಿರಲಿಲ್ಲ ಅಂತ ಕೂಗಿ ಹೇಳಬೇಕಾದವರು ನೀವಾಗ್ತೀರಿ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿ ಅದನ್ನು ಹೇಳಬೇಕು.

ಎದುರಿನವರಿಗೆ ಪೆಟ್ಟಾಗಿದ್ದರೆ ವಿಮಾ ಕಂಪನಿ ಅವರಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿಗೆ ಬರಬಹುದು. ಮಾಲೀಕರು ಈ ಸಾಲನ್ನು ಎರಡು ಸಲ ಓದಿ.

ನಾನು ಮಾಲೀಕ. ಹಬ್ಬಕ್ಕೆ ಚಾಲಕನಿಗೆ ಒಂದು ಬಾಟಲಿ ಕೊಟ್ಟರೆ ತಪ್ಪೇನು?

ಆಯುಧ ಪೂಜೆ ದಿನ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ಒಡೆದು, ಸಾವ್ಕಾರ್ರು ಜೇಬಿನಿಂದ ಒಂದು ಬಾಟಲಿ ತೆಗೆದುಕೊಡೋದು ನಮ್ಮಲ್ಲಿ ಹಳೇ ಪದ್ಧತಿ. ಪ್ರೀತಿಯಿಂದಲೇ ಕೊಡ್ತಾರೆ. ಆದರೆ ಅದೇ ರಾತ್ರಿ ಲೋಡ್ ಇದೆ ಅಂತ ಗೊತ್ತಿದ್ದೂ ಕೊಟ್ಟರೆ? ಮೋಟಾರು ವಾಹನ ಕಾಯ್ದೆಯ ಕಲಂ 188 ನೋಡಿ. ಕುಡಿದು ಓಡಿಸೋಕೆ ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನ ಶಿಕ್ಷೆಯೇ. ಬಾಟಲಿ ಬದಲು ಬತ್ತಾ ಜಾಸ್ತಿ ಮಾಡಿ. ಕೊಡಲೇಬೇಕು ಅಂದರೆ ಮನೆಗೆ ಕಳಿಸಿ ಕೊಡಿ.

ಮುನೇಶ್ವರನಿಗೆ ಎಡೆ ಇಡೋಕೆ ಒಯ್ದರೆ?

ನಗಬೇಡಿ, ನಿಜವಾಗಿ ಕೇಳಿದ್ದಾರೆ, ಒಬ್ಬರಲ್ಲ ಮೂವರು. ಮುನೇಶ್ವರನಿಗೆ ಸಾರಾಯಿ, ಚುಟ್ಟಾ ಇಡುವ ಗುಡಿಗಳು ದಾರಿಯುದ್ದಕ್ಕೂ ಇವೆ. ಕಾರವಾರದ ಕಾಫ್ರಿ ದೇವರಿಗೂ ಮದ್ಯ, ಸಿಗರೇಟು ಅರ್ಪಿಸುತ್ತಾರೆ. ದೇವರ ಪಾಲಿನ ತಂಟೆಗೆ ನಾನು ಹೋಗಲ್ಲ. ಗುಡಿ ಹತ್ತಿರದ ಊರಲ್ಲೇ ತಗೊಳ್ಳಿ, ಅಲ್ಲೇ ಪೂರ್ತಿ ಸುರಿದು ಬನ್ನಿ. ತೊಂದರೆ ಇರೋದು ಎಡೆಯಲ್ಲಲ್ಲ, ಪ್ರಸಾದ ಅಂತ ವಾಪಸ್ ಗಾಡಿ ಹತ್ತುವ ಮುಕ್ಕಾಲು ಬಾಟಲಿಯಲ್ಲಿ.

ನಮ್ಮ ಲೋಡೇ ಮದ್ಯ. ಒಡೆದ ಕೇಸಿನಲ್ಲಿ ಉಳಿದ ಬಾಟಲಿ ಇಟ್ಟುಕೊಳ್ಳಬಹುದಾ?

ಬೇಡ. ಆ ಲೋಡಿನ ಪ್ರತಿ ಬಾಟಲಿಗೂ ಪರ್ಮಿಟ್ಟಿನಲ್ಲಿ ಲೆಕ್ಕ ಇದೆ. ಒಡೆದದ್ದನ್ನೂ ಡಿಪೋದಲ್ಲಿ ಎಣಿಸಿಯೇ ಕೊಡಬೇಕು.

ಚುನಾವಣೆ ಹೊತ್ತಿನಲ್ಲಿ?

ನೀತಿ ಸಂಹಿತೆ ಬಂದ ದಿನದಿಂದ ದಾರಿಯಲ್ಲಿ ತಾತ್ಕಾಲಿಕ ಚೆಕ್‌ಪೋಸ್ಟ್‌ಗಳು ಏಳುತ್ತವೆ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಮಾರಾಟ ಬಂದ್. ಆಗ ಯಾವ ಬಾಟಲಿ ಸಿಕ್ಕರೂ ಹಂಚೋಕೆ ಒಯ್ಯುತ್ತಿದ್ದೀರಾ ಅನ್ನೋದೇ ಮೊದಲ ಪ್ರಶ್ನೆ. ನೀವು ಮತ ಹಾಕೋಕೂ ಊರಲ್ಲಿರಲ್ಲ ಅಂತ ಹೇಳಿ ಪ್ರಯೋಜನವಿಲ್ಲ.

ಬೇರೆ ದೇಶದಲ್ಲಿ ಹೇಗೆ? ನಮ್ಮ ಹುಡುಗ ಗಲ್ಫಿಗೆ ಟ್ರೇಲರ್ ಓಡಿಸೋಕೆ ಹೋಗ್ತಿದ್ದಾನೆ.

ಕರಾವಳಿ ಕಡೆಯಿಂದ ತುಂಬಾ ಹುಡುಗರು ಹೋಗ್ತಾರೆ. ಕುವೈತ್‌ನಲ್ಲಿ, ಸೌದಿಯಲ್ಲಿ ಬಾಟಲಿ ಇಟ್ಟುಕೊಳ್ಳೋದೇ ಅಪರಾಧ. ಜೈಲು, ಆಮೇಲೆ ವಾಪಸ್ ಊರಿಗೆ. ದುಬೈ ಕಡೆ ಬಾರು ಇದ್ದರೂ ಸ್ಟೇರಿಂಗ್ ಹಿಂದೆ ಕೂತವನಿಗೆ ಮಿತಿ ಸೊನ್ನೆ, ಪಕ್ಕದ ಶಾರ್ಜಾದಲ್ಲಿ ಮಾರಾಟವೇ ಇಲ್ಲ.

ಅಮೆರಿಕದ ನಿಯಮ ನನಗೆ ಇಷ್ಟ, ಯಾಕಂದರೆ ಅದು ಬಾಟಲಿಯನ್ನೇ ಹಿಡಿಯುತ್ತೆ. ಡ್ಯೂಟಿಯಲ್ಲಿರುವ ಟ್ರಕ್ ಚಾಲಕನ ಹತ್ತಿರ, ಸರಕಿನ ಲೆಕ್ಕದಲ್ಲಿ ಇಲ್ಲದ ಮದ್ಯ ಇರಲೇಬಾರದು. ಸೀಲ್ ಒಡೆದಿಲ್ಲ, ಮನೆಗೆ ಒಯ್ತಿದ್ದೀನಿ ಅನ್ನೋದೆಲ್ಲ ನಡೆಯಲ್ಲ. ಡ್ಯೂಟಿಗೆ ಹತ್ತುವ 4 ಗಂಟೆ ಮುಂಚಿನಿಂದ ಕುಡಿಯುವಂತಿಲ್ಲ. ಸಿಕ್ಕಿಬಿದ್ದರೆ 24 ಗಂಟೆ ಗಾಡಿ ಮುಟ್ಟುವಂತಿಲ್ಲ. ನಾಲ್ಕು ಗಂಟೆ ಸಾಲದು ಅನ್ನೋದು ಮೇಲಿನ ಕ್ವಾರ್ಟರ್ ಲೆಕ್ಕ ನೋಡಿದರೆ ಗೊತ್ತಾಗುತ್ತೆ. ಅದಿರಲಿ, ನಮ್ಮಲ್ಲಿ ಆ ಅರ್ಧ ನಿಯಮವೂ ಇಲ್ಲ.

ಈಗಾಗಲೇ ಗಾಡಿಯಲ್ಲಿ ಒಂದು ಇದೆ. ಏನು ಮಾಡಲಿ?

ಸೀಲ್ ಒಡೆದಿಲ್ಲ ಅಂದರೆ ಈ ಸಲ ಊರು ಮುಟ್ಟಿದಾಗ ಮನೆಯಲ್ಲಿ ಇಳಿಸಿ. ಒಡೆದಿದ್ದರೆ ಚೆಲ್ಲಿ. ದುಡ್ಡು ಕೊಟ್ಟದ್ದು ಅಂತ ಹೊಟ್ಟೆ ಉರಿಯುತ್ತೆ, ಗೊತ್ತು.

ಹಾಗೇ ಖಾಲಿ ಬಾಟಲಿಗಳನ್ನೂ ಹುಡುಕಿ. ಕ್ವಾರ್ಟರ್ ಬಾಟಲಿಯಲ್ಲಿ ಬ್ರೇಕ್ ಆಯಿಲ್, ಫುಲ್ ಬಾಟಲಿಯಲ್ಲಿ ಕೂಲಂಟ್ ನೀರು, ಬಿಯರ್ ಬಾಟಲಿಯಲ್ಲಿ ಕೈ ತೊಳೆಯುವ ಡೀಸೆಲ್ ಇಟ್ಟುಕೊಳ್ಳೋದು ಎಲ್ಲಾ ಗಾಡಿಯಲ್ಲೂ ಇದೆ. ಚೆಕ್‌ಪೋಸ್ಟಿನಲ್ಲಿ ರಾತ್ರಿ ಟಾರ್ಚ್ ಬಿಟ್ಟವನಿಗೆ ಕಾಣೋದು ಲೇಬಲ್. ಒಂದು ಸಲ ನಮ್ಮ ಚಾಲಕ ಹದಿನೈದು ನಿಮಿಷ ನಿಂತು, ಮುಚ್ಚಳ ತೆಗೆದು ಬ್ರೇಕ್ ಆಯಿಲ್ ಮೂಸಿಸಿ ಬರಬೇಕಾಯಿತು. ಐದು ಲೀಟರಿನ ಒಂದು ಪ್ಲಾಸ್ಟಿಕ್ ಕ್ಯಾನ್ ತಗೊಳ್ಳಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಏನಿದೆ ಅಂತ ಬರೆದಿಡಿ.